ಉಣ್ಣದೆ ಎದ್ದುಬಂದ ಹೋಟೆಲುಗಳು

ಬೆಂಗಳೂರಿಗೆ ಹೊರಟವರು ನಮ್ಮ ಸ್ಟಾಫ್ ರೂಮಿನಲ್ಲಿ ನನ್ನನ್ನೇ ಕೇಳುತ್ತಾರೆ, ಒಳ್ಳೆಯ ಹೋಟೆಲು ಯಾವುದು ಅಂತ. ನಾನು ಹೇಳುತ್ತೇನೆ. ಯಾವುದರಲ್ಲಿ ಕುರ್ಚಿ ಮೆತ್ತಗಿದೆ, ಯಾವುದರಲ್ಲಿ ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಯಾವುದರಲ್ಲಿ ನೀರು ಅಂದ ಕೂಡಲೇ ಬಾಟಲಿ ತಂದು ನಾವು ಬೇಡ ಅನ್ನುವುದರೊಳಗೆ ಮುಚ್ಚಳ ತಿರುಗಿಸಿಬಿಡುತ್ತಾರೆ, ಎಲ್ಲವೂ ನನಗೆ ಗೊತ್ತು. ನಾಲ್ಕು ವರ್ಷದಲ್ಲಿ ಹನ್ನೊಂದು ಹೋಟೆಲು ಹುಡುಕಿ, ಹೋಗಿ, ಕೂತು ಬಂದಿದ್ದೇನೆ. ರುಚಿ ಹೇಗಿರುತ್ತೆ ಮೇಡಂ ಅಂತ ಮಾತ್ರ ಯಾರೂ ಕೇಳಬಾರದು. ಅವುಗಳಲ್ಲಿ ಒಂದರಲ್ಲೂ ನಾನು ಉಂಡಿಲ್ಲ.

ಹೋದದ್ದು ಉಣ್ಣುವುದಕ್ಕಲ್ಲ, ತಮ್ಮನಿಗೆ ಹೆಣ್ಣು ನೋಡುವುದಕ್ಕೆ. ನಾನು ಮದುವೆಯಾಗಿ ಬಂದದ್ದು ಪಾಂಡವಪುರಕ್ಕೆ. ಇಲ್ಲೇ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ತವರು ನಾಗಮಂಗಲ ತಾಲ್ಲೂಕು, ಬಿಂಡಿಗನವಿಲೆಯಿಂದ ಒಳಕ್ಕೆ ಒಂದು ಹಳ್ಳಿ. ಅಲ್ಲಿ ಅವ್ವ ಮತ್ತು ತಮ್ಮ ಇದ್ದಾರೆ. ಅಪ್ಪ ಹೋದ ಮೇಲೆ ಮನೆಯ ದೊಡ್ಡ ಮಾತುಗಳೆಲ್ಲ ದೊಡ್ಡಪ್ಪನ ಪಾಲಿಗೆ ಬಿದ್ದಿವೆ. ತಮ್ಮನದು ರಾಗಿ, ಹುರುಳಿ, ಆರು ಹಸು, ಒಂದಷ್ಟು ಕುರಿ. ಕುಡಿತವಿಲ್ಲ, ಇಸ್ಪೀಟಿಲ್ಲ. ಡೈರಿಯಲ್ಲಿ ಇವನ ಕ್ಯಾನು ಬಂದರೆ ಹಾಲು ಪರೀಕ್ಷೆ ಮಾಡುವವನು ಮುಖ ಎತ್ತಿಯೂ ನೋಡುವುದಿಲ್ಲ, ಅಷ್ಟು ನಂಬಿಕೆ. ಇಂಥವನಿಗೆ ಹೆಣ್ಣು ಸಿಗಲಿಲ್ಲ.

ಮೊದಮೊದಲು ನಮ್ಮ ಸುತ್ತಮುತ್ತಲೇ ನೋಡಿದೆವು. ಹೊಣಕೆರೆಯ ಕಡೆ ಎರಡು, ನಾಗಮಂಗಲದಲ್ಲಿ ಮೂರು. ಹುಡುಗ ಏನು ಮಾಡುತ್ತಾನೆ ಅಂತ ಕೇಳುವರು, ವ್ಯವಸಾಯ ಅಂದ ತಕ್ಷಣ ಒಳಗೆ ತಿರುಗಿ ಕಾಫಿ ಆಯ್ತಾ ಅಂತ ಕೂಗುವರು. ಹೀಗೆ ಕೂಗುವ ಮಹಾರಾಯರು ಸ್ವತಃ ಆಗ ತಾನೇ ಹೊಲದಿಂದ ಬಂದು ಕಾಲು ತೊಳೆದುಕೊಂಡು ಕೂತವರು. ತಾವು ಮಾಡುವ ಕೆಲಸ ಅಳಿಯ ಮಾಡಬಾರದು ಅನ್ನುವುದು ಯಾವ ಸೀಮೆಯ ನ್ಯಾಯವೋ ನನಗೆ ತಿಳಿಯಲಿಲ್ಲ. ಆಮೇಲೆ ಒಬ್ಬ ಬ್ರೋಕರು, ಬೆಂಗಳೂರು ಸೇರಿದ ನಮ್ಮ ಕಡೆಯವರಲ್ಲೇ ನೋಡಿ, ಅವರಿಗೆ ಊರ ಮೇಲೆ ಆಸೆ ಇರುತ್ತೆ ಅಂದ. ಅವರಿಗೆ ಊರ ಮೇಲೆ ಆಸೆ ಇರುವುದು ಹುರುಳಿಕಾಳು ಕಳಿಸಿ ಅಂತ ಫೋನು ಮಾಡುವುದಕ್ಕೆ ಅಂತ ಆಗ ನಮಗೆ ಗೊತ್ತಿರಲಿಲ್ಲ.

ಬೆಂಗಳೂರಿನ ಮೊದಲ ಹೆಣ್ಣಿನ ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟು: ಮನೆಗೆ ಬರಬೇಡಿ, ನಮ್ಮದು ಅಪಾರ್ಟ್‌ಮೆಂಟು, ಗೇಟಿನಲ್ಲಿ ಹೆಸರು ಬರೆಸಬೇಕು, ಅಕ್ಕಪಕ್ಕದವರು ಕೇಳುತ್ತಾರೆ. ಎಲ್ಲಾದರೂ ಒಳ್ಳೆ ಹೋಟೆಲಲ್ಲಿ ಕೂತು ಮಾತಾಡೋಣ, ನೀವೇ ಒಂದು ಹೇಳಿ. ನೀವೇ ಹೇಳಿ ಅಂದದ್ದು ನಮ್ಮ ಯೋಗ್ಯತೆ ಅಳೆಯುವುದಕ್ಕೆ ಅಂತ ನನಗೆ ಅನ್ನಿಸಿತು. ಅಳೆಯಲಿ ಅಂತ ನಾನೂ ಹಠಕ್ಕೆ ಬಿದ್ದೆ. ಫೋನು ಹಿಡಿದು ಕೂತು ಯಾವ ಹೋಟೆಲಿಗೆ ಎಷ್ಟು ನಕ್ಷತ್ರ, ಯಾರು ಏನು ಬರೆದಿದ್ದಾರೆ ಅಂತ ಓದಿದೆ. ಅಲ್ಲಿ ಬರೆಯುವವರ ಭಾಷೆಯನ್ನೇನು ಹೇಳುವುದು. ಒಬ್ಬಳು ಒಂದು ಸಾರನ್ನು ಹೊಗಳಿ, ತಿಂದು ಕಣ್ಣಲ್ಲಿ ನೀರು ಬಂತು ಅಂತ ಬರೆದಿದ್ದಳು. ಖಾರ ಜಾಸ್ತಿಯಾಗಿರಬೇಕು ಅಂದುಕೊಂಡೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು, ಕೇಸರಿಬಾತು, ಕಾಫಿ ತೆಗೆದುಕೊಳ್ಳಬಹುದು. ಊಟ ಮಾಡುವಂತಿಲ್ಲ. ಗಂಡಿನ ಕಡೆಯವರು ಎಲೆ ಮುಂದೆ ಕೂತು ಉಂಡರೆ ಹೆಣ್ಣು ಒಪ್ಪಿದ ಹಾಗೆ. ಉಂಡ ಮೇಲೆ ಬೇಡ ಅನ್ನುವುದು ಹೆಣ್ಣಿನ ಮನೆಗೆ ಅವಮಾನ. ಇದು ಮನೆಗಳ ಕಾಲದಲ್ಲಿ ಹುಟ್ಟಿದ ಪದ್ಧತಿ. ಮಧ್ಯಾಹ್ನ ಒಂದು ಗಂಟೆಗೆ ಬೆಂಗಳೂರಿನ ಹೋಟೆಲಿನಲ್ಲಿ ಎದುರುಬದುರು ಕೂತವರು ಏನು ಮಾಡಬೇಕು ಅಂತ ಅದನ್ನು ಮಾಡಿದವರು ಯೋಚನೆ ಮಾಡಿರಲಿಲ್ಲ. ಆದರೆ ದೊಡ್ಡಪ್ಪ ಯೋಚನೆ ಮಾಡಿದ್ದರು.

"ಓಟ್ಲಾದ್ರೇನವ್ವ, ಮನೆಯಾದ್ರೇನು? ಎಣ್ಣಿನ್ ಮುಂದೆ ಕೂತ್ಕಂಡು ಉಂಡ್ರೆ ಉಂಡಂಗೇ. ಒಪ್ಗೆ ಆಗೋಗಂಟ ಒಂದಗುಳು ಮುಟ್ಟಂಗಿಲ್ಲ."

ಮೊದಲ ಹೋಟೆಲು ಒಂದು ಮಾಲಿನ ನಾಲ್ಕನೆಯ ಮಹಡಿಯಲ್ಲಿತ್ತು. ಚಲಿಸುವ ಮೆಟ್ಟಿಲಿನ ಮೇಲೆ ದೊಡ್ಡಪ್ಪ ಕಾಲಿಡಲಿಲ್ಲ. ತಮ್ಮ ಅವರ ಕೈ ಹಿಡಿದು ಬೇರೆ ಮೆಟ್ಟಿಲು ಹುಡುಕಿ ಹತ್ತಿಸಿಕೊಂಡು ಬಂದ. ಅಲ್ಲಿ ಕೈಗೆ ಕೊಡಲು ಒಂದು ಪಟ್ಟಿಯೂ ಇಲ್ಲ; ಮೇಜಿಗೆ ಅಂಟಿಸಿದ ಕಪ್ಪುಬಿಳಿ ಚೌಕಕ್ಕೆ ಫೋನು ಹಿಡಿಯಬೇಕು. ತಿಂಡಿ ಏನಿದೆ ಅಂತ ಕೇಳಿದರೆ ಮಾಣಿ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದ. ಕೊನೆಗೆ ನೂಡಲ್ಸು ತರಿಸಿದೆ. ದೊಡ್ಡಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಪರೀಕ್ಷೆ ಮಾಡಿದರು.

"ಇದು ಸ್ಯಾವ್ಗೆ ಕಣವ್ವ. ಸ್ಯಾವ್ಗೆ ತಿಂಡಿನೇ. ತಿನ್ಬೋದು." ಆಮೇಲೆ ಚಮಚದಿಂದ ಕೆದಕಿ, "ಅಯ್ಯೋ, ಕೋಳಿ ಆಕವ್ರೆ. ಅಂಗಾದ್ರೆ ಊಟ ಆಯ್ತು. ಮಡಗು" ಅಂದರು.

ಹೆಣ್ಣಿನ ಅಪ್ಪ ನಮ್ಮನ್ನೇ ನೋಡುತ್ತಿದ್ದ. ಅವನೂ ನಮ್ಮ ಸೀಮೆಯವನೇ. ಆದರೆ ಅಲ್ಲಿ ಕೂತು ಆ ಪದ್ಧತಿ ತನಗೆ ಗೊತ್ತೇ ಇಲ್ಲ ಅನ್ನುವಂತೆ ಹುಬ್ಬು ಏರಿಸಿದ. ನೂಡಲ್ಸು ತಣ್ಣಗಾಯಿತು. ಹುಡುಗಿ ಫೋನು ನೋಡುತ್ತಿದ್ದಳು. ಮಾರನೆಯ ದಿನ ಬ್ರೋಕರು ಫೋನು ಮಾಡಿ, ನಿಮ್ಮವರು ಏನೂ ತಿನ್ನಲಿಲ್ಲವಂತೆ, ಜಂಬ ಜಾಸ್ತಿ ಅಂತಾವ್ರೆ ಅಂದ.

ಎರಡನೆಯದು ದೀಪ ಕಡಿಮೆ ಮಾಡಿದ ಹೋಟೆಲು. ಅಲ್ಲಿ ಕತ್ತಲೆಯೇ ಚೆಂದವಂತೆ. ನಡು ಮಧ್ಯಾಹ್ನ ಪರದೆ ಎಳೆದು, ಮೇಜಿಗೊಂದು ಮಿಣಕು ಬಲ್ಬು ಇಟ್ಟು, ಜನ ಪಿಸುಗುಟ್ಟಿಕೊಂಡು ತಿನ್ನುತ್ತಾರೆ. ಹುಡುಗಿ ನೋಡಲು ಬಂದವರನ್ನು ಅಲ್ಲಿಗೆ ಕರೆದುಕೊಂಡು ಹೋದ ನನ್ನ ಬುದ್ಧಿಗೆ ಏನು ಹೇಳಲಿ. "ಎಣ್ಣು ಯಾವ್ದು, ಅವ್ರವ್ವ ಯಾವ್ದು?" ಅಂತ ದೊಡ್ಡಪ್ಪ ನನ್ನ ಕಿವಿಯಲ್ಲಿ ಕೇಳಿ, ನಾನು ತಡೆಯುವುದರೊಳಗೆ ಫೋನಿನ ಟಾರ್ಚು ಹಾಕಿ ಎದುರಿನವರ ಮುಖಕ್ಕೆ ಬಿಟ್ಟರು. ಆ ಸಂಬಂಧ ಅಲ್ಲೇ ಮುಗಿಯಿತು.

ಬಫೆ ಹೋಟೆಲಿನದು ಇದಕ್ಕಿಂತ ದೊಡ್ಡ ಫಜೀತಿ. ಒಳಗೆ ಕಾಲಿಟ್ಟರೆ ಮುಗಿಯಿತು, ತಿನ್ನಲಿ ಬಿಡಲಿ ತಲೆಗೆ ಇಷ್ಟು ಅಂತ. ನಲವತ್ತು ಬಗೆಯ ಅಡಿಗೆ ಸಾಲಾಗಿ ಬೇಯುತ್ತಾ ಕೂತಿದೆ, ಎರಡು ಸಂಸಾರ ಬಿಳಿ ತಟ್ಟೆಗಳನ್ನು ಮುಂದಿಟ್ಟುಕೊಂಡು ಕಾವಲು ಕೂತ ಹಾಗೆ ಕೂತಿದ್ದೇವೆ. ಸುತ್ತ ಇದ್ದವರು ಮೂರು ಮೂರು ಸಲ ಎದ್ದು ತಟ್ಟೆ ತುಂಬಿಸಿಕೊಂಡು, ಅರ್ಧ ಬಿಟ್ಟು, ಹೊಸ ತಟ್ಟೆ ಹಿಡಿಯುತ್ತಿದ್ದರು. ಬಿಟ್ಟ ಅನ್ನ ನೋಡಿ ನನಗೆ ಮೈ ಉರಿಯಿತು. ಮ್ಯಾನೇಜರು ಬಂದು ಏನಾದರೂ ತೊಂದರೆಯಾ ಮೇಡಂ ಅಂದ. ಏನೂ ಇಲ್ಲ, ನಾವು ಹೀಗೇ ಅಂದೆ. ತಮ್ಮ ಎದ್ದು ಹೋಗಿ ಅವನ ಹತ್ತಿರ, "ಕ್ವಾಪ ಮಾಡ್ಕಬ್ಯಾಡಿ ಸಾರ್, ಅಡ್ಗೆ ಚೆನ್ನಾಗೇ ಅದೆ, ನಮ್ದು ವಸಿ ಪದ್ಧತಿ" ಅಂತ ಹೇಳಿ ಬಂದ. ಹೋಟೆಲಿನವನ ಹತ್ತಿರ ಕ್ಷಮೆ ಕೇಳುವ ಗಂಡನ್ನು ಯಾರು ಒಪ್ಪುತ್ತಾರೆ ಅಂತ ಅವನನ್ನು ಗದರಿದೆ.

ಒಂದು ಸಲ ಮೈಸೂರಿನ ಹೆಣ್ಣು ಅಂತ ನಡುದಾರಿಯಲ್ಲಿ, ಶ್ರೀರಂಗಪಟ್ಟಣದ ಹತ್ತಿರ ಹಳೇ ರಸ್ತೆಯ ಹೋಟೆಲಿನಲ್ಲಿ ಸೇರಿದೆವು. ಹೊಸ ರಸ್ತೆ ಆದ ಮೇಲೆ ಅಲ್ಲಿಗೆ ಕಾರುಗಳು ಬರುವುದು ಕಡಿಮೆಯಾಗಿದೆ. ಖಾಲಿ ಕುರ್ಚಿಗಳ ನಡುವೆ ನಾವೇ ಏಳು ಜನ. ಅಲ್ಲಿ ಇಡ್ಲಿ ಇನ್ನೂ ಇತ್ತು, ಮಧ್ಯಾಹ್ನವಾದರೂ ಬಿಸಿ ಮಾಡಿ ಕೊಟ್ಟರು. ನಾನು ಸುತ್ತಿದ್ದರಲ್ಲಿ ಜನ ತಿನ್ನಲಿ ಅಂತ ನಡೆಸುವ ಹೋಟೆಲು ಅದೊಂದೇ. ಹೆಣ್ಣಿನ ತಾಯಿ ಚಮಚ ಹಿಡಿದು ಇಡ್ಲಿಯನ್ನು ಅತ್ತ ಇತ್ತ ಉರುಳಿಸಿ, ಇಂಥ ಜಾಗಕ್ಕೆ ಕರೆಸಿದ್ದೀರಲ್ಲ ಅಂದಳು. ಅವತ್ತಿನಿಂದ ಬೆಂಗಳೂರಿನ ಸುತ್ತಮುತ್ತ ಬಿಟ್ಟು ಬೇರೆ ಕಡೆ ಬೇಡ ಅಂತ ನಾನೇ ತೀರ್ಮಾನ ಮಾಡಿದೆ.

ಪ್ರತಿ ಸಲವೂ ಒಂದೇ ಕ್ರಮ. ಹೋಟೆಲಿನಿಂದ ಹೊರಗೆ ಬಂದು, ನಮ್ಮ ಯಜಮಾನರ ಹಳೇ ಕಾರನ್ನು ಯಾವುದಾದರೂ ಮರದ ಕೆಳಗೆ ನಿಲ್ಲಿಸಿ, ಅವ್ವ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಿಚ್ಚುತ್ತಿದ್ದೆವು. ಒಳಗೆ ನಕ್ಷತ್ರ ಎಣಿಸಿಕೊಂಡ ಅಡಿಗೆ, ಹೊರಗೆ ನಮ್ಮ ರೊಟ್ಟಿ. ದೊಡ್ಡಪ್ಪ ಬಾಯಿ ತುಂಬ ತಿನ್ನುತ್ತಾ, "ನೋಡವ್ವ, ಪದ್ಧತಿ ಕೆಡ್ಲಿಲ್ಲ" ಅಂತ ಸಮಾಧಾನ ಪಡುತ್ತಿದ್ದರು. ಪದ್ಧತಿ ಉಳಿಯಿತು, ತಮ್ಮನಿಗೆ ಮೂವತ್ತನಾಲ್ಕು ಹೋಗಿ ಮೂವತ್ತೆಂಟಾಯಿತು.

ನಾನು ಅವನನ್ನು ತಿದ್ದುವುದಕ್ಕೂ ಏನೂ ಕಮ್ಮಿ ಮಾಡಲಿಲ್ಲ. ಹಸು ಅನ್ನಬೇಡ, ಡೈರಿ ಬಿಸಿನೆಸ್ ಅನ್ನು. ಕೈ ನಿಂಬೆಹಣ್ಣು ಹಾಕಿ ಉಜ್ಜಿಕೊಂಡು ಬಾ. ಚಪ್ಪಲಿ ಬೇಡ, ಶೂ ಹಾಕು. ಅವನು ಎಲ್ಲದಕ್ಕೂ ಆಯ್ತಕ್ಕ ಅನ್ನುವನು. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಸ್ನಾನ ಮಾಡಿ, ನಾನು ಕೊಟ್ಟ ಸೆಂಟು ಹಾಕಿಕೊಂಡು, ಕಾರು ಓಡಿಸಿಕೊಂಡು ಬಂದು, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ಸು ಊರು ಮುಟ್ಟಬೇಕು. ಆ ಸೆಂಟು ಅವನ ಮೈಮೇಲೆ ಬೇರೆ ಯಾರದೋ ಅಂಗಿ ಹಾಕಿದ ಹಾಗೆ ಒಪ್ಪದೆ ನಿಲ್ಲುತ್ತಿತ್ತು. ಅದು ನನಗೆ ಗೊತ್ತಿತ್ತು, ಆದರೂ ಹಾಕಿಸುತ್ತಿದ್ದೆ.

ಮೊದಲು ಹೋಟೆಲು ಬೇಕು ಅಂದದ್ದು ಹೆಣ್ಣಿನ ಕಡೆಯವರು. ಬರಬರುತ್ತಾ ನಾನೇ ಹೇಳತೊಡಗಿದೆ. ಹೆಣ್ಣು ನೋಡಿ ಆದ ಮೇಲೆ ಹೆಣ್ಣಿನವರು ಬಂದು ಗಂಡಿನ ಮನೆ, ಜಮೀನು ನೋಡುವುದು ನಮ್ಮಲ್ಲಿ ರೂಢಿ. ಆ ಮಾತು ಬಂದಾಗಲೆಲ್ಲ ನಾನು ಏನಾದರೂ ಅಡ್ಡ ಹಾಕುತ್ತಿದ್ದೆ. ಮಳೆ, ದಾರಿ ಕೆಸರು ಅಂದೆ. ಬಸ್ಸು ಸರಿಯಿಲ್ಲ ಅಂದೆ. ಅವ್ವನಿಗೆ ಮೈ ಸರಿಯಿಲ್ಲ ಅಂತಲೂ ಒಮ್ಮೆ ಅಂದೆ. ನಮ್ಮದು ಹಳೇ ಹೆಂಚಿನ ಮನೆ. ಬೀದಿ ಬಾಗಿಲು ದಾಟಿದರೆ ಮೊದಲು ಸಿಗುವುದು ಕೊಟ್ಟಿಗೆ. ಬಂದವರು ಹಸುಗಳ ಬಾಲ ತಪ್ಪಿಸಿಕೊಂಡೇ ಒಳಗೆ ಹೋಗಬೇಕು. ಒಂದು ಸಲ ಮನಸ್ಸು ಕುದುರಲಿ, ಆಮೇಲೆ ಮನೆ ನೋಡಿಕೊಂಡರಾಯಿತು ಅನ್ನುವುದು ನನ್ನ ಲೆಕ್ಕಾಚಾರ. ಅದನ್ನು ನಾನು ಜಾಣತನ ಅಂದುಕೊಂಡಿದ್ದೆ.

ಹನ್ನೊಂದನೆಯ ಹೋಟೆಲಿಗೆ ಹೋದದ್ದು ಹೋದ ವರ್ಷ, ನೆಲಮಂಗಲಕ್ಕೆ ಈಚೆ. ಹೆಣ್ಣಿನ ಅಪ್ಪ ಕೆ.ಆರ್. ಪೇಟೆಯ ಕಡೆಯವರು, ಗೋವಿಂದನಹಳ್ಳಿಯ ಪಕ್ಕದ ಊರು. ಬೆಂಗಳೂರಿನಲ್ಲಿ ಬಸ್ಸು ಓಡಿಸಿ ರಿಟೈರಾದವರು. ಹುಡುಗಿಗೆ ಮೂವತ್ತೆರಡು, ರಕ್ತಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಈ ಸಲ ಬೇರೆ ಥರ ಇರಲಿ ಅಂತ ನಾನು ಹಳ್ಳಿ ಶೈಲಿಯ ಹೋಟೆಲು ಆರಿಸಿದ್ದೆ. ಅದರ ಬಗ್ಗೆ ಜನ ಬರೆದದ್ದೇ ಬರೆದದ್ದು, ಒಮ್ಮೆ ನೋಡಿದರೆ ಮರೆಯಲಾರಿರಿ ಅಂತ. ಮರೆತಿಲ್ಲ, ನಿಜ.

ಬಾಗಿಲಲ್ಲಿ ಫೈಬರಿನ ಒಂದು ಹಸು, ಕೊರಳಿಗೆ ಪ್ಲಾಸ್ಟಿಕ್ಕಿನ ಚೆಂಡುಹೂವಿನ ಹಾರ. ತಮ್ಮ ಅದರ ಮುಂದೆ ನಿಂತು, ಬಗ್ಗಿ ಕೆಚ್ಚಲು ನೋಡಿ, "ಅಕ್ಕ, ಇದ್ಕೆ ಮೊಲೆ ಮೂರೇ ಮಡಗವ್ರೆ" ಅಂದ. ಒಳಗೆ ಗೋಡೆಯ ಮೇಲೆ ಮೊರ, ಒನಕೆ, ಒಂಟಿ ಗಾಡಿಚಕ್ರ. ನಮ್ಮೂರಿನಲ್ಲಿ ಅಟ್ಟದ ಮೇಲೆ ಎಸೆದ ಸಾಮಾನಿಗೆಲ್ಲ ಇಲ್ಲಿ ವಾರ್ನಿಷು ಬಳಿದು ಮೊಳೆ ಹೊಡೆದಿದ್ದರು. ಮಾಣಿಗಳಿಗೆ ಕಚ್ಚೆ ಪಂಚೆ, ಕೆಂಪು ಪೇಟ. ಪಾಪ, ಅವರಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಪಕ್ಕದ ಮೇಜಿನವರು ನಿಂಬೆಹಣ್ಣಿನ ಗಾತ್ರದ ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ, ಫೋಟೋ ತೆಗೆದುಕೊಂಡು, ಅಗಿದು ತಿನ್ನುತ್ತಿದ್ದರು. ಮುದ್ದೆಯನ್ನು ಅಗಿಯುವುದು ಕಂಡು ದೊಡ್ಡಪ್ಪ ಮುಖ ಆ ಕಡೆಗೆ ತಿರುಗಿಸಿಕೊಂಡರು.

ಹುಡುಗಿಯ ಅಪ್ಪ ಮಾತಿನ ಮನುಷ್ಯ. ನಮ್ಮ ಮಾತನ್ನು ಮರೆತಿರಲಿಲ್ಲ, ಮರೆತವರ ಹಾಗೆ ನಟಿಸಲೂ ಇಲ್ಲ. ತಾಯಿ ಮಾತ್ರ ತಮ್ಮನ ಶೂವಿನಿಂದ ತಲೆಯವರೆಗೆ ಎರಡು ಸಲ ನೋಡಿದಳು. ಹುಡುಗಿ ನೇರವಾಗಿ ತಮ್ಮನನ್ನೇ ಕೇಳಿದಳು.

"ಎಷ್ಟು ಹಸು ಇದಾವೆ?"

"ಡೈರಿ ಬಿಸಿನೆಸ್ಸು. ಆಳುಗಳಿದ್ದಾರೆ, ಇವನು ಮೇಲುಸ್ತುವಾರಿ ಅಷ್ಟೆ" ಅಂದೆ ನಾನು.

"ಆಳು ಯಾರೂ ಇಲ್ಲ ಕಣ್ರೀ" ಅಂದ ತಮ್ಮ. "ಆರು ಅಸ ಅವೆ. ನಾನೂ ಅವ್ವನೂವೆ ಕರಿಯೋದು."

ನಾಲ್ಕು ವರ್ಷ ಹೇಳಿಕೊಟ್ಟದ್ದೆಲ್ಲ ಒಂದು ಮಾತಿಗೆ ಮಣ್ಣು ಪಾಲಾಯಿತು. ತಾಯಿ ಸೆರಗು ಸರಿ ಮಾಡಿಕೊಂಡು ಗೋಡೆಯ ಮೇಲಿನ ಗಾಡಿಚಕ್ರ ನೋಡತೊಡಗಿದಳು. ದೊಡ್ಡಪ್ಪ ನನ್ನ ಕಡೆ ವಾಲಿ, ತಮ್ಮನಿಗೂ ಕೇಳುವಷ್ಟು ಜೋರಾಗಿ, "ಆಗಕ್ಕಿಲ್ಲ ಬುಡವ್ವ ಇದು" ಅಂದರು. ನನಗೂ ಅದೇ ಅನ್ನಿಸಿತ್ತು.

ತಮ್ಮ ಮಾಣಿಯನ್ನು ಕೈಸನ್ನೆ ಮಾಡಿ ಕರೆದು, ಪಕ್ಕದ ಮೇಜು ತೋರಿಸಿ, ಅದನ್ನೇ ತಾ ಅಂದ. ಎಲೆ ಬಂತು. ಮುದ್ದೆ ಬಂತು, ಬಸ್ಸಾರು ಬಂತು. ಮುದ್ದೆಯನ್ನು ಬೆರಳಿನಲ್ಲಿ ಮುರಿದು, ಸಾರಿಗೆ ಅದ್ದಿ, ನುಂಗಿದ.

ದೊಡ್ಡಪ್ಪ ಮೇಜಿನ ಮೇಲೆ ಮುಂದಕ್ಕೆ ಬಗ್ಗಿದರು. "ಲೇ, ಏನ್ಲಾ ಮಾಡ್ತಿದ್ದೀಯೆ? ಎಣ್ಣಿನ್ ಮುಂದೆ ಉಣ್ತಾ ಇದ್ದೀಯಲ್ಲೋ!"

"ಆಗಕ್ಕಿಲ್ಲ ಅಂತ ನೀನೇ ಅಂದ್ಯಲ್ಲ ದೊಡ್ಡಪ್ಪ. ಇನ್ಯಾಕೆ ಅಸ್ಕಂಡಿರೋದು? ನಾಕ್ಗಂಟೆಗೆ ಎದ್ದೋನು ನಾನು. ಉಣ್ತೀನಿ ಬುಡು."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಹುಡುಗಿಯ ಅಪ್ಪ ಮೇಜು ತಟ್ಟಿ ನಕ್ಕುಬಿಟ್ಟರು. "ಗೌಡ್ರೇ, ನಮ್ ಕಡೆ ಲೆಕ್ಕ ನಂಗೂ ಗೊತ್ತದೆ. ಗಂಡು ಉಂಡ ಮ್ಯಾಕೆ ಮುಗೀತು. ಒಪ್ಗೆ ಆಯ್ತು ಅಂತ್ಲೇ ಅಲ್ವಾ?" ಅಂದರು ದೊಡ್ಡಪ್ಪನಿಗೆ. ತಮಾಷೆಗೆ ಅಂದರೋ ನಿಜಕ್ಕೆ ಅಂದರೋ ತಿಳಿಯದೆ ದೊಡ್ಡಪ್ಪ ಪೇಟದ ಮಾಣಿಯನ್ನು ನೋಡಿದರು.

"ನಾನಿನ್ನೂ ಉಂಡಿಲ್ಲ ಅಪ್ಪ" ಅಂದಳು ಹುಡುಗಿ.

ಎಲ್ಲರೂ ಅವಳ ಕಡೆ ತಿರುಗಿದೆವು. ಗಂಡಿನ ಕಡೆಯವರು ಉಂಡರೋ ಬಿಟ್ಟರೋ ಅನ್ನುವುದನ್ನು ನಾಲ್ಕು ವರ್ಷ ಕಾದು ಕಾದು ನೋಡಿದ್ದೆವು. ಎದುರಿನ ಹುಡುಗಿಯರು ಉಂಡರಾ ಅಂತ ಒಂದು ದಿನವೂ ನೋಡಿರಲಿಲ್ಲ. ಅವಳ ಮುಂದೆ ನೀರಿನ ಲೋಟ ಮಾತ್ರ ಇತ್ತು. ಮುಖದಲ್ಲಿ ಸಿಟ್ಟಿರಲಿಲ್ಲ.

"ಇಲ್ಲಿ ಬೇಡ. ಇವರ ಮನೆಗೆ ಹೋಗಿ ಉಣ್ತೀನಿ. ಹಸು ನೋಡ್ತೀನಿ, ಅವರ ತಾಯಿನ ನೋಡ್ತೀನಿ. ಆಮೇಲೆ ಹೇಳ್ತೀನಿ" ಅಂದಳು. ಆಮೇಲೆ ತಮ್ಮನನ್ನು ಕೇಳಿದಳು, "ಬರಬಹುದಾ?"

ನಾಲ್ಕು ವರ್ಷದಲ್ಲಿ ಯಾವ ಹುಡುಗಿಯೂ ಅವನನ್ನು ಏನನ್ನೂ ಹೀಗೆ ಕೇಳಿದ್ದಿಲ್ಲ. ತಮ್ಮನ ಬಾಯಲ್ಲಿ ಮುದ್ದೆ ಇತ್ತು. ಅವನು ತಲೆ ಎತ್ತಿದ, ಕಿವಿಯವರೆಗೂ ಕೆಂಪಗಾಗಿದ್ದ, ನುಂಗಲು ಅವಸರ ಮಾಡುತ್ತಿದ್ದ. ಅವನು ನುಂಗಿ ಮುಗಿಸುವುದರೊಳಗೆ ನನ್ನ ಬಾಯಿ ತೆರೆದುಕೊಂಡಿತು. ಆ ಮಾತನ್ನು ನಾನು ಯೋಚನೆ ಮಾಡಿ ಆಡಲಿಲ್ಲ. ಅಭ್ಯಾಸ, ತಾನಾಗಿ ಬಂತು.

"ಅಯ್ಯೋ, ಊರು ತುಂಬಾ ದೂರಮ್ಮ. ದಾರಿನೂ ಸರಿಯಿಲ್ಲ, ನೀವೆಲ್ಲಿ ಕಷ್ಟಪಡ್ತೀರಿ. ಇದಕ್ಕಿಂತ ಚೆನ್ನಾಗಿರೋ ಹೋಟೆಲು ಇನ್ನೊಂದು ನೋಡಿದ್ದೀನಿ, ಯಶವಂತಪುರದ ಹತ್ತಿರ. ಮುಂದಿನ ಭಾನುವಾರ ಎಲ್ಲರೂ ಅಲ್ಲೇ ಸೇರೋಣ, ನಿಧಾನವಾಗಿ ಮಾತಾಡೋಣ."

ಹುಡುಗಿ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ತರಗತಿಯಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವರನ್ನು ನಾನು ಹಾಗೆ ನೋಡುತ್ತೇನೆ.

"ಬರ್ಬೋದು, ಬನ್ನಿ" ಅಂದ ತಮ್ಮ, ಕೊನೆಗೂ ನುಂಗಿಕೊಂಡು. "ದಾರಿ ಚೆನ್ನಾಗೇ ಅದೆ. ಡಾಂಬರು ಆಕವ್ರೆ."

ಹಾಗೆ ಅಂದದ್ದು ಇನ್ನೂ ಕೆಡಿಸಿತು. ದಾರಿ ಚೆನ್ನಾಗಿದ್ದರೆ ನಾನು ಬೇಡ ಅಂದದ್ದು ಯಾಕೆ ಅಂತ ಮೇಜಿನ ಸುತ್ತ ಕೂತ ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ತಾಯಿ ಬ್ಯಾಗು ಎತ್ತಿಕೊಂಡಳು. ಅಪ್ಪನ ನಗು ಎಲ್ಲಿ ಹೋಯಿತೋ. ಹುಡುಗಿ ಎದ್ದು ನಿಂತು ತಮ್ಮನಿಗೇ ಹೇಳಿದಳು, ದನಿ ಏರಿಸದೆ, ಬೈಯುವ ಹಾಗಲ್ಲ.

"ಮನೆ ತೋರಿಸೋಕೆ ನಿಮ್ಮಕ್ಕನಿಗೇ ನಾಚಿಕೆ. ಹುಟ್ಟಿ ಬೆಳೆದವರಿಗೇ ಹಂಗಿದ್ರೆ, ನಾನು ಅಲ್ಲಿ ಬಾಳೋದು ಹೆಂಗೆ? ನೀವೇ ಹೇಳಿ."

ಅವರು ಹೋದರು. ಬಾಗಿಲಿನ ತನಕ ಹೋದ ಮೇಲೆ ಅವಳ ಅಪ್ಪ ಮಾತ್ರ ತಿರುಗಿ ತಮ್ಮನಿಗೆ ಕೈ ಮುಗಿದರು. ತಮ್ಮ ಎಂಜಲು ಕೈಯಲ್ಲೇ ಎದ್ದು ನಿಂತ.

ಕಾರಿನಲ್ಲಿ ದೊಡ್ಡಪ್ಪ ಕುಣಿಗಲ್ ದಾಟುವವರೆಗೂ ಒಬ್ಬರೇ ಮಾತಾಡಿದರು. ಉಂಡದ್ದೇ ತಪ್ಪಾಯಿತು, ಉಣ್ಣದೆ ಇದ್ದಿದ್ದರೆ ಅವರು ಹೀಗೆ ಮೇಲೇರುತ್ತಿರಲಿಲ್ಲ, ಗಂಡು ಉಂಡು ಹೆಣ್ಣು ಉಣ್ಣದೆ ಎದ್ದರೆ ಅದಕ್ಕೆ ಏನು ಮಾಡಬೇಕೋ ಹಿರಿಯರು ಹೇಳಿಯೇ ಇಲ್ಲ, ಹೀಗೆ. ಆಮೇಲೆ ನಾನೂ ಅವರ ಪರ ಮಾತಾಡಿದೆ. ಆ ಹೋಟೆಲನ್ನು ಬೈದೆ, ಫೈಬರು ಹಸುವನ್ನು ಬೈದೆ, ಹುಡುಗಿಯ ನಾಲಿಗೆ ಉದ್ದ ಅಂದೆ, ಲ್ಯಾಬಿನಲ್ಲಿ ಸೂಜಿ ಚುಚ್ಚುವವಳಿಗೆ ಇಷ್ಟೊಂದು ಜಂಬವಾ ಅಂದೆ. ಬೈಯುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ. ತಮ್ಮ ರಸ್ತೆ ನೋಡಿಕೊಂಡು ಓಡಿಸುತ್ತಿದ್ದ. ಅವನು ಸಂಜೆ ಹಾಲಿನ ಹೊತ್ತಿಗೆ ಮುಟ್ಟಬೇಕಿತ್ತು.

ಬೆಳ್ಳೂರು ಕ್ರಾಸಿನಲ್ಲಿ ದೊಡ್ಡಪ್ಪ ಎಲೆ ಅಡಿಕೆ ತರಲು ಇಳಿದರು. ಕಾರಿನಲ್ಲಿ ನಾವಿಬ್ಬರೇ ಉಳಿದೆವು. ನಾನು ಆಗಲೇ ಫೋನು ತೆಗೆದು ಬ್ರೋಕರಿಗೆ ಏನು ಹೇಳುವುದು ಅಂತ ಯೋಚಿಸುತ್ತಿದ್ದೆ. ತಮ್ಮ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡೇ, ನನ್ನ ಕಡೆ ತಿರುಗದೆ ಮಾತಾಡಿದ.

"ಅಕ್ಕ, ಆ ಮನೇಲಿ ಅವ್ವ ಅವ್ಳೆ, ನಾನಿವ್ನಿ, ಅಸ ಅವೆ. ಇದ್ರಲ್ಲಿ ನಿಂಗೆ ನಾಚ್ಕೆ ಯಾವ್ದು ಅಂತ ಯೋಳು. ಅದ್ನ ಮಾತ್ರ ಯೋಳು, ಸಾಕು."

ಅವನ ದನಿಯಲ್ಲಿ ಕೋಪವಿದ್ದಿದ್ದರೆ ನಾನೂ ತಿರುಗಿ ಜಗಳವಾಡುತ್ತಿದ್ದೆ. ಕೊಟ್ಟಿಗೆ ಅನ್ನಬಹುದಿತ್ತು. ಹಳೇ ಹೆಂಚು, ಬಾಗಿಲಲ್ಲೇ ಹಸುವಿನ ಬಾಲ, ಏನಾದರೂ ಒಂದು ಅನ್ನಬಹುದಿತ್ತು; ಅವನು ನಂಬುತ್ತಿದ್ದ, ನಾನು ಹೇಳಿದ್ದನ್ನೆಲ್ಲ ನಂಬಿದವನು. ಕೈ ಉಜ್ಜಿಕೋ ಅಂದವಳು ನಾನು. ಸೆಂಟು ಹಾಕಿಸಿದವಳು, ಅವನ ಮಾತಿಗೆ ಮುಂಚೆ ಮಾತಾಡಿದವಳು, ಹೋಟೆಲಿನವನಿಗೆ ಅವನು ಮರ್ಯಾದೆ ಕೊಟ್ಟರೆ ಗದರಿದವಳು ನಾನು.

ನಾನು ಫೋನಿನಿಂದ ತಲೆ ಎತ್ತದೆ ಇದ್ದುದರಿಂದ ಅವನಿಗೆ ಉತ್ತರ ಸಿಕ್ಕಿತು. ದೊಡ್ಡಪ್ಪ ಬಂದು ಬಾಗಿಲು ಹಾಕಿಕೊಳ್ಳುವವರೆಗೆ ಕಾದು, ಕಾರು ಚಾಲೂ ಮಾಡಿದ.